ಹಿನ್ನೀರ ದಂಡೆಗೆ ಕಡಲ ಕಲ್ಲು ಹಾಕಿದರೆ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕು. ಆಲಮಟ್ಟಿ ಹಿನ್ನೀರಿಗೆ ಹತ್ತಿಕೊಂಡೇ ಹೊಲ ಇದೆ, ಎರೆ ಭೂಮಿ. ಮುಳುಗಡೆಗೆ ಹೋಗಿ ಉಳಿದದ್ದು ಇಷ್ಟೇ. ಪ್ರತಿ ವರ್ಷ ನೀರು ಇಳಿಯುವಾಗ ದಂಡೆ ಕುಸಿದು ಕುಸಿದು ಈಗ ಬದುವೇ ಹೋಗಿದೆ. ಮಂಗಳೂರಿಗೆ ಹೋದಾಗ ಉಳ್ಳಾಲದಲ್ಲಿ ಕಡಲ ದಂಡೆಗೆ ದೊಡ್ಡ ದೊಡ್ಡ ಬಂಡೆ ಸುರಿದದ್ದು ನೋಡಿದೆ. ಟಿವಿಯಲ್ಲಿ ನಾಲ್ಕು ಕಾಲಿನ ಸಿಮೆಂಟ್ ಕಲ್ಲು ತೋರಿಸಿದರು. ನಮ್ಮ ದಂಡೆಗೂ ಹಾಗೇ ಹಾಕಿದರೆ ನಿಲ್ಲುತ್ತದೆಯೇ? ಅಲ್ಲಿಯವರೊಬ್ಬರು ‘ಪ್ರತಿ ಮಳೆಗಾಲ ಕಲ್ಲು ಹಾಕ್ತಾರೆ, ಪ್ರತಿ ಮಳೆಗಾಲ ಹೋಗ್ತದೆ’ ಅಂದರು. ಅದು ಯಾಕೆ?

ಉತ್ತರ: ನಾಲ್ಕು ಕಾಲಿನ ಕಲ್ಲು, ಅಂದರೆ ಟೆಟ್ರಾಪಾಡ್, ನಿಮಗೆ ಬೇಡವೇ ಬೇಡ. ಸಾದಾ ಕಲ್ಲು ಬೇಕಾಗಬಹುದು, ಆದರೆ ಅದು ಉಳ್ಳಾಲದಲ್ಲಿ ನೋಡಿದಂಥ ಬಂಡೆಯಾಗಿರಬೇಕಿಲ್ಲ. ಕಲ್ಲಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಅದರ ಸುಳಿವನ್ನು ನೀವೇ ಕೊಟ್ಟಿದ್ದೀರಿ: ‘ನೀರು ಇಳಿಯುವಾಗ’ ಕುಸಿಯುತ್ತದೆ ಎಂದಿದ್ದೀರಿ. ಅಲೆ ಬಡಿದು ಹಾಳಾಗುವ ದಂಡೆ ನೀರು ತುಂಬಿದ್ದಾಗ ಹೋಗಬೇಕಿತ್ತು. ನಿಮ್ಮದು ನೀರು ಬಿಟ್ಟು ಹೋಗುವಾಗ ಹೋಗುತ್ತಿದೆ ಎಂದರೆ ತಿನ್ನುತ್ತಿರುವುದು ಅಲೆಯೊಂದೇ ಆಗಿರಲಾರದು.

ಮೊದಲು ಕಡಲಿನ ಮಾತು ಮುಗಿಸೋಣ. ಯಾಕೆಂದರೆ ಅಲ್ಲಿನ ಉಪಾಯಗಳಲ್ಲಿ ಯಾವುದು ನಮ್ಮ ಕಡೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಕಡಲ ದಂಡೆಯ ಮರಳು ಒಂದೇ ಕಡೆ ಕೂತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಎತ್ತರದ ಅಲೆಗಳು ಅದನ್ನು ಕೆರೆದು ಸ್ವಲ್ಪ ದೂರ ಒಳಗೆ ಒಯ್ದು ನೀರಿನಡಿ ದಿಬ್ಬ ಮಾಡಿ ಇಡುತ್ತವೆ. ಹಿಂದೆ ಬರುವ ಅಲೆಗಳು ಆ ದಿಬ್ಬದ ಮೇಲೇ ಮುರಿಯುತ್ತವೆ, ದಂಡೆಗೆ ಬರುವಷ್ಟರಲ್ಲಿ ಅವುಗಳ ಸೊಕ್ಕು ಇಳಿದಿರುತ್ತದೆ. ಮಳೆಗಾಲ ಮುಗಿದ ಮೇಲೆ ಸಮಾಧಾನದ ಅಲೆಗಳು ಅದೇ ಮರಳನ್ನು ತಿಂಗಳುಗಟ್ಟಲೆ ತಂದು ತಂದು ದಂಡೆಗೆ ಹಾಕುತ್ತವೆ. ಆಗಸ್ಟ್‌ನಲ್ಲಿ ಹೋಗಿ ‘ಬೀಚೇ ಇಲ್ಲ’ ಎಂದು ಬಂದವರು ಫೆಬ್ರವರಿಯಲ್ಲಿ ಹೋದರೆ ಅಗಲವಾದ ಬೀಚು ಕಾಣುವುದು ಇದಕ್ಕೇ. ಇದರ ಜೊತೆಗೆ ಅಲೆಗಳು ದಂಡೆಗೆ ಓರೆಯಾಗಿ ಬಡಿಯುವುದರಿಂದ ಮರಳು ದಂಡೆಯ ಉದ್ದಕ್ಕೂ ಸರಿಯುತ್ತಿರುತ್ತದೆ. ನದಿಗಳು ಹೊಸ ಮರಳು ತಂದು ಸೇರಿಸುತ್ತವೆ. ಬರುವುದು ಹೋಗುವುದು ಸರಿಹೊಂದಿದ್ದರೆ ದಂಡೆ ಇದ್ದಲ್ಲೇ ಇರುತ್ತದೆ. ಬರುವುದು ಕಡಿಮೆಯಾದರೆ ಕೊರೆತ ಶುರು.

ಈಗ ಆ ದಂಡೆಗೆ ಕಲ್ಲಿನ ತಡೆಗೋಡೆ ಬಂತು ಎನ್ನಿ. ಗೋಡೆಯ ಹಿಂದಿರುವ ಮನೆ, ರಸ್ತೆ ಉಳಿಯುತ್ತವೆ, ಅದು ನಿಜ. ಆದರೆ ಗೋಡೆ ಮರಳನ್ನು ತರುವುದಿಲ್ಲ. ಇಳಿಜಾರಿನ ಮರಳಿನ ಮೇಲೆ ಹರಡಿ ಸುಸ್ತಾಗಬೇಕಿದ್ದ ಅಲೆ ಗೋಡೆಗೆ ಬಡಿದು ವಾಪಸು ನುಗ್ಗುತ್ತದೆ, ನುಗ್ಗುವಾಗ ಗೋಡೆಯ ಬುಡದ ಮರಳನ್ನು ಕೆರೆಯುತ್ತದೆ. ಬುಡ ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಮುರಿಯದೆ ಗೋಡೆಯ ತನಕ ಬರುತ್ತದೆ. ಕೊನೆಗೆ ಬುಡದ ಕಲ್ಲು ಗುಂಡಿಗೆ ಜಾರುತ್ತದೆ, ಅದರ ಮೇಲಿನದು ಅದರ ಹಿಂದೆ. ಅಷ್ಟರಲ್ಲಿ ಕಲ್ಲುಗಳ ಸಂದಿಯಿಂದ ಹಿಂದಿನ ಮರಳೂ ಸೋರಿ ಹೋಗಿ ಗೋಡೆ ತಾನಾಗಿ ಕೂತುಬಿಡುತ್ತದೆ. ಉಳ್ಳಾಲದವರು ನಿಮಗೆ ಹೇಳಿದ್ದು ಇದನ್ನೇ. ಕಲ್ಲು ಕಡಲಿಗೆ ಕೊಚ್ಚಿಹೋಗುವುದಕ್ಕಿಂತ ನೆಲಕ್ಕೆ ಇಳಿದುಹೋಗುವುದೇ ಹೆಚ್ಚು. ಮಳೆಗಾಲ ನೆತ್ತಿಗೆ ಬಂದ ಮೇಲೆ ‘ತುರ್ತು ಕಾಮಗಾರಿ’ ಎಂದು ಲಾರಿಯಿಂದ ಕಲ್ಲು ಸುರಿದರೆ ಅಡಿಯಲ್ಲಿ ಸೋಸುವ ಪದರವೂ ಇರುವುದಿಲ್ಲ, ಬುಡಕ್ಕೆ ಕಚ್ಚೂ ಇರುವುದಿಲ್ಲ. ಅಂಥದ್ದು ಒಂದು ಮಳೆಗಾಲ ತಡೆದರೆ ಅದೇ ಹೆಚ್ಚು.

ಎರಡನೇ ಉಪದ್ರವ ಗೋಡೆ ಮುಗಿಯುವ ತುದಿಯದು: ಅದರಾಚೆಯ ದಂಡೆಯ ಕೊರೆತ ನಿಲ್ಲುವುದಿಲ್ಲ. ಕೇರಳದ ಕೊಚ್ಚಿ ಹತ್ತಿರದ ಚೆಲ್ಲಾನಂನಲ್ಲಿ ಸುಮಾರು 7 ಕಿಲೋಮೀಟರ್ ಉದ್ದಕ್ಕೆ ಟೆಟ್ರಾಪಾಡ್ ಗೋಡೆ ಕಟ್ಟಿದರು. ನೀವು ಟಿವಿಯಲ್ಲಿ ನೋಡಿದ್ದು ಬಹುಶಃ ಅದನ್ನೇ. ಗೋಡೆ ಇರುವಲ್ಲಿ ಜನ ಈಗ ನೆಮ್ಮದಿಯಿಂದ ಮಲಗುತ್ತಾರೆ. ಗೋಡೆ ತಲುಪದ ಉತ್ತರದ ಕಣ್ಣಮಾಲಿ ಕಡೆಯವರು ಮಾತ್ರ ಮಳೆಗಾಲ ಬಂದರೆ ರಸ್ತೆಗಿಳಿದು ಧರಣಿ ಕೂರುತ್ತಾರೆ. ಟೆಟ್ರಾಪಾಡ್ 1950ರ ಸುಮಾರಿಗೆ ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ್ದು. ದೊಡ್ಡ ಬಂಡೆ ಸಿಗದ ಕಡೆ ಅದಕ್ಕೆ ಬದಲಿಯಾಗಿ, ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡು ನಿಲ್ಲಲಿ ಎಂದು ಮಾಡಿದ್ದು. ಅದರಲ್ಲಿ ಬೇರೆ ಮಂತ್ರವೇನೂ ಇಲ್ಲ.

ಗೋಡೆಯ ಬದಲು ದಂಡೆಯಿಂದ ಕಡಲೊಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಚಾಚುವುದು ಇನ್ನೊಂದು ದಾರಿ. ಅದಕ್ಕೆ ಗ್ರಾಯ್ನ್ ಎನ್ನುತ್ತಾರೆ. ಕುಂದಾಪುರದಾಚೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಅಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಇಂಥ ಒಡ್ಡುಗಳನ್ನು ಸಾಲಾಗಿ ಹಾಕಿದ್ದಾರೆ. ದಂಡೆಯುದ್ದಕ್ಕೆ ಸರಿಯುವ ಮರಳು ಒಡ್ಡುಗಳ ನಡುವೆ ನಿಲ್ಲುತ್ತದೆ. ಆದರೆ ಇಲ್ಲಿ ನಿಂತ ಮರಳು ಮುಂದಿನ ಊರಿಗೆ ಸಿಗುವುದಿಲ್ಲ. ಕಾಲುವೆಯ ಮೇಲಿನವರು ಗೇಟು ಏರಿಸಿಕೊಂಡು ಕೂತರೆ ಟೇಲ್ ಎಂಡಿನವರ ಗತಿ ಏನು ಎಂದು ನಾರಾಯಣಪುರ ಎಡದಂಡೆಯ ರೈತರನ್ನು ಕೇಳಿದರೆ ಸಾಕು, ಕಡಲಲ್ಲೂ ಅದೇ ಜಗಳ. ಚೆನ್ನೈ ಬಂದರಿನ ಗೋಡೆಗಳು 19ನೇ ಶತಮಾನದ ಕೊನೆಗೆ ಎದ್ದ ಮೇಲೆ ದಕ್ಷಿಣಕ್ಕೆ ಮರೀನಾ ಬೀಚು ಅಗಲವಾಗುತ್ತ ಹೋಯಿತು, ಉತ್ತರಕ್ಕೆ ರಾಯಪುರಂ ಕಡೆ ದಂಡೆ ಕರಗುತ್ತ ಹೋಯಿತು. ಪುದುಚೇರಿಯ ಬೀಚು 1980ರ ದಶಕದ ಕೊನೆಯಲ್ಲಿ ಬಂದರಿನ ಗೋಡೆ ಬಂದ ಮೇಲೆ ಹೋದದ್ದೂ ಇದೇ ಕಾರಣಕ್ಕೆ.

ಪುದುಚೇರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ದಂಡೆಗೆ ಕಲ್ಲು ಹಾಕುವುದನ್ನು ಬಿಟ್ಟು, ದಂಡೆಯ ಎದುರಿಗೆ ನೀರಿನಡಿ ಮುಳುಗಿರುವ ಉಕ್ಕಿನ ದಿಬ್ಬವೊಂದನ್ನು ಇಳಿಸಿದರು. ಅಲೆ ಅಲ್ಲೇ ಮುರಿಯಲಿ, ಹಿಂದೆ ಶಾಂತವಾದ ನೀರಲ್ಲಿ ಮರಳು ಕೂರಲಿ ಎಂಬ ಲೆಕ್ಕ. ಬಂದರಿನಲ್ಲಿ ಕೂತ ಮರಳನ್ನೂ ತೆಗೆದು ತಂದು ಹಾಕಿದರು. 2018-19ರ ಹೊತ್ತಿಗೆ ಮರಳಿನ ದಂಡೆ ವಾಪಸು ಬಂತು. ಉಳ್ಳಾಲದಲ್ಲೂ ಬಂಡೆಗಳ ಆಚೆ, ನಿಮ್ಮ ಕಣ್ಣಿಗೆ ಕಾಣದ ಹಾಗೆ, ನೀರಿನಡಿ ಅಲೆ ಮುರಿಯುವ ದಿಬ್ಬಗಳಿವೆ, ಅವಕ್ಕೆ ರೀಫ್ ಎನ್ನುತ್ತಾರೆ. ನೆದರ್ಲೆಂಡ್ಸ್‌ನವರು ಇನ್ನೂ ಮುಂದೆ ಹೋದರು. 2011ರಲ್ಲಿ ಸುಮಾರು 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ಒಂದೇ ಕಡೆ ಗುಡ್ಡೆ ಹಾಕಿ, ಹಂಚುವ ಕೆಲಸವನ್ನು ಅಲೆಗಳಿಗೇ ಬಿಟ್ಟರು. ನನ್ನನ್ನು ಕೇಳಿದರೆ ಕಡಲಿಗೆ ಸರಿಯಾದ ಉತ್ತರ ಮರಳೇ. ಕಲ್ಲು ತುರ್ತಿಗೆ. ಆದರೆ ಮರಳು ಹಾಕಿದರೆ ನಾಲ್ಕಾರು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು, ಉದ್ಘಾಟನೆಗೆ ಕಲ್ಲಿನಷ್ಟು ಚೆನ್ನಾಗಿ ಕಾಣುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಅದಕ್ಕೆ ಹಣ ಹುಟ್ಟುವುದು ಕಷ್ಟ.

ಹೊಸ ಮರಳು ಬರುವ ದಾರಿಗಳನ್ನು ಮುಚ್ಚಿದವರೂ ನಾವೇ. ಅದರಲ್ಲಿ ನಿಮ್ಮ ಹಿನ್ನೀರಿನ ಪಾಲೂ ಇದೆ. ಕೃಷ್ಣೆಯ ಹೂಳು ಒಂದು ಕಾಲಕ್ಕೆ ಆಂಧ್ರದ ಹಂಸಲದೀವಿಯ ತನಕ ಹೋಗಿ ನದೀಮುಖದ ದಂಡೆಯನ್ನು ಕಟ್ಟುತ್ತಿತ್ತು. ಈಗ ಆಲಮಟ್ಟಿ, ನಾರಾಯಣಪುರ, ಶ್ರೀಶೈಲಂ, ನಾಗಾರ್ಜುನ ಸಾಗರ ಒಂದಾದ ಮೇಲೊಂದು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಡಲಿಗೆ ಸೇರುವ ಹೂಳು ಹಿಂದಿನದಕ್ಕೆ ಹೋಲಿಸಿದರೆ ಅತಿ ಸ್ವಲ್ಪ, ಅಲ್ಲಿ ದಂಡೆ ಕೊರೆಯುತ್ತಿದೆ. ನಿಮ್ಮ ಹೊಲದಿಂದ ಹೋದ ಮಣ್ಣು ಅವರಿಗೂ ಸಿಗದೆ ಆಲಮಟ್ಟಿಯ ತಳದಲ್ಲಿ ಕೂರುತ್ತಿದೆ.

ಈಗ ನಿಮ್ಮ ದಂಡೆಗೆ ಬರೋಣ. ಕಡಲಿಗೂ ಹಿನ್ನೀರಿಗೂ ಇರುವ ಮೊದಲ ವ್ಯತ್ಯಾಸ: ಕಡಲ ಮರಳು ಹೋಗಿ ಬರುತ್ತದೆ, ಎರೆಮಣ್ಣು ಹೋದರೆ ಬರುವುದಿಲ್ಲ. ಅದು ನೀರಲ್ಲಿ ಕದಡಿ ಆಳಕ್ಕೆ ಹೋಗಿ ಕೆಸರಾಗಿ ಕೂರುತ್ತದೆ, ಅದನ್ನು ದಂಡೆಗೆ ತಂದುಕೊಡುವ ಅಲೆ ಹಿನ್ನೀರಿನಲ್ಲಿಲ್ಲ. ಆದ್ದರಿಂದ ಮರಳು ಹಿಡಿಯುವ ಉಪಾಯಗಳೆಲ್ಲ, ಅಂದರೆ ಗ್ರಾಯ್ನ್, ನೀರಡಿ ರೀಫ್, ಮರಳು ತುಂಬುವುದು, ನಿಮಗೆ ಕೆಲಸಕ್ಕೆ ಬಾರವು. ಉಳಿಯುವುದು ದಂಡೆಯ ಮೈಗೆ ಹೊದಿಕೆ ಹಾಕುವುದು ಮತ್ತು ದಂಡೆಯೊಳಗಿನ ನೀರನ್ನು ಸಂಭಾಳಿಸುವುದು.

ಎರಡನೆಯದು ಅಲೆಯ ಅಳತೆ. ಐದು ಕಿಲೋಮೀಟರ್ ಬಯಲು ನೀರಿನ ಮೇಲೆ ಗಂಟೆಗೆ 50 ಕಿಲೋಮೀಟರ್ ದಾಟಿದ ಗಾಳಿ ಬೀಸಿದರೂ ಏಳುವ ಅಲೆ ಅರ್ಧ ಮೀಟರಿನ ಆಸುಪಾಸು. ಮುಂಗಾರಿನಲ್ಲಿ ನಮ್ಮ ಕರಾವಳಿಯ ಅಲೆ ಸಲೀಸಾಗಿ 3 ಮೀಟರ್ ಮುಟ್ಟುತ್ತದೆ. ಆರು ಪಟ್ಟು ತಾನೇ ಎನಿಸಬಹುದು. ಆದರೆ ಅಮೆರಿಕದ ಹಡ್ಸನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಕೊಟ್ಟ ಸೂತ್ರದ ಪ್ರಕಾರ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಆರು ಪಟ್ಟು ಅಲೆಗೆ 216 ಪಟ್ಟು ಕಲ್ಲು. ಎರಡೂವರೆಗೆ ಒಂದರ (ಅಂದರೆ ಒಂದು ಮೀಟರ್ ಇಳಿಯಲು ಎರಡೂವರೆ ಮೀಟರ್ ಅಡ್ಡ ಹೋಗುವ) ಇಳಿಜಾರಿನಲ್ಲಿ ನಾನು ಲೆಕ್ಕ ಹಾಕಿದಂತೆ ಕಡಲಿಗೆ ಒಂದೊಂದೂ ಮೂರೂವರೆ ಟನ್ನಿನ ಬಂಡೆ ಬೇಕಾದರೆ ನಿಮಗೆ 15 ಕಿಲೋ ಕಲ್ಲು ಸಾಕು. ಇಬ್ಬರು ಆಳು ಎತ್ತಿ ಇಡುವ 25–40 ಕಿಲೋ ಕಲ್ಲಿದ್ದರೆ ಧಾರಾಳವಾಯಿತು. ಟೆಟ್ರಾಪಾಡ್ ಬೇಡ ಎಂದದ್ದು ಇದಕ್ಕೆ.

ನಿಮ್ಮ ಹೊಲ ಕೃಷ್ಣೆಯ ಕಡೆಗೋ ಘಟಪ್ರಭೆಯ ಕಡೆಗೋ ಎಂದು ನೀವು ಬರೆದಿಲ್ಲ. ಬೀಳಗಿ ತಾಲ್ಲೂಕು ಎರಡರ ನಡುವೆ ಇದೆ, ಹಾಗಾಗಿ ಇದು ಮುಖ್ಯ. ಜಲಾಶಯ ತುಂಬಿರುವ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣ–ನೈಋತ್ಯದಿಂದ ಬೀಸುತ್ತದೆ. ಕೃಷ್ಣೆಯ ದಕ್ಷಿಣ ದಂಡೆಯಲ್ಲಿದ್ದರೆ ಗಾಳಿ ನಿಮ್ಮ ಬೆನ್ನಿಗೆ, ಅಲೆ ಆಚೆಯ ವಿಜಯಪುರದ ದಂಡೆಗೆ. ಘಟಪ್ರಭೆಯ ಉತ್ತರ ದಂಡೆಯಲ್ಲಿದ್ದರೆ ಅಲೆ ನೇರ ನಿಮ್ಮ ಮುಖಕ್ಕೆ.

ಮೂರನೆಯದೇ ನಿಜವಾದ ತೊಡಕು. ಮಂಗಳೂರಲ್ಲಿ ಭರತ ಇಳಿತಕ್ಕೆ ಕಡಲು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನೊಳಗೆ. ಆಲಮಟ್ಟಿ 519.60 ಮೀಟರಿಗೆ ತುಂಬಿ ಬೇಸಿಗೆಗೆ ಹತ್ತು ಮೀಟರಿನ ಆಸುಪಾಸು ಇಳಿಯುತ್ತದೆ. ತುಂಬಿ ನಿಂತ ತಿಂಗಳುಗಳಲ್ಲಿ ದಂಡೆಯ ಎರೆಮಣ್ಣು ನೀರು ಕುಡಿದು ಕುಡಿದು ಭಾರವಾಗಿರುತ್ತದೆ. ಆಗ ಹೊರಗಿನ ನೀರೇ ಅದಕ್ಕೆ ಆನಿಕೆ. ನೀರು ಇಳಿದಾಗ ಆನಿಕೆ ಹೋಯಿತು, ಆದರೆ ಮಣ್ಣಿನೊಳಗಿನ ನೀರು ಅಷ್ಟೇ ಬೇಗ ಹೊರಬರಲಾರದು. ಎರೆ ಅದನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಒತ್ತಡ ಹೊರಕ್ಕೆ ನೂಕುತ್ತದೆ, ದಂಡೆ ಹೋಳುಹೋಳಾಗಿ ಜಾರುತ್ತದೆ. ಅದರ ಮೇಲೆ ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಕೈ ತೂರುವಷ್ಟು ಅಗಲ, ಒಂದಾಳೆತ್ತರದ ಹತ್ತಿರದ ಆಳ. ಮುಂದಿನ ಮಳೆಗೆ ನೀರು ಆ ಬಿರುಕಲ್ಲೇ ಒಳಗಿಳಿದು ಹೊಸ ಹೋಳು ತಯಾರು. ಇಂಥ ದಂಡೆಯ ಮೇಲೆ ಬಂಡೆ ಹೇರಿದರೆ ಜಾರುವ ಮಣ್ಣಿಗೆ ಭಾರ ಕೊಟ್ಟು ನೂಕಿದ ಹಾಗಾಗುತ್ತದೆ.

ಆದ್ದರಿಂದ ಮೊದಲು ದಂಡೆಯನ್ನು ಕಣ್ಣಿಟ್ಟು ನೋಡಿ. ಅಂಚಿನಿಂದ ಎರಡು ಮೂರು ಮೀಟರ್ ಒಳಗೆ, ಅಂಚಿಗೆ ಸಮನಾಗಿ ಬಿಲ್ಲಿನಂತೆ ಬಾಗಿದ ಬಿರುಕಿದ್ದು, ಕೆಳಗೆ ಬಿದ್ದ ಹೋಳಿನ ಮೇಲೆ ಬೆಳೆ ಇನ್ನೂ ನಿಂತೇ ಇದ್ದರೆ ಅದು ನೀರಿಳಿತದ ಕುಸಿತ. ಒಂದೇ ಮಟ್ಟದಲ್ಲಿ ದಂಡೆಯ ಹೊಟ್ಟೆ ಒಳಕ್ಕೆ ಕೊರೆದು ಮೇಲ್ಭಾಗ ಚಜ್ಜದಂತೆ ಚಾಚಿಕೊಂಡಿದ್ದರೆ ಅಲೆಯ ಕೆಲಸ. ಹೊಲದಲ್ಲಿ ಇಲಿ ಬಿಲದಂಥ ತೂತು ಬಿದ್ದು ದಂಡೆಯ ಮೈಯಲ್ಲಿ ತೆರೆದುಕೊಂಡಿದ್ದರೆ ಮಣ್ಣಿನದೇ ದೋಷ ಇರಬಹುದು.

ಆ ದೋಷ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ದಂಡೆಯ ಮಧ್ಯಭಾಗದಿಂದ ಕಡಲೆಕಾಳಿನ ಗಾತ್ರದ ಹಸಿ ಮಣ್ಣಿನ ಉಂಡೆ ತೆಗೆದು ಗಾಜಿನ ಲೋಟದಲ್ಲಿ, ಹಿಡಿದಿಟ್ಟ ಮಳೆನೀರಿನಲ್ಲಿ ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ, ಮೆಲ್ಲಗೆ ಬಿಡಿ. ಬೋರಿನ ನೀರು ಬೇಡ, ಅದರಲ್ಲಿನ ಉಪ್ಪು ಉತ್ತರ ಕೆಡಿಸುತ್ತದೆ. ಅಲುಗಿಸದೆ ಐದು ಹತ್ತು ನಿಮಿಷ ನೋಡಿ. ಉಂಡೆ ಕುಸಿದು ಗುಪ್ಪೆಯಾದರೂ ಸುತ್ತಲ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಉಂಡೆಯಿಂದ ಹಾಲಿನಂಥ ಮಂಜು ಎದ್ದು ತಳದಲ್ಲೆಲ್ಲ ಹರಡಿದರೆ ನಿಮ್ಮ ಮಣ್ಣು ನಿಂತ ನೀರಲ್ಲೂ ಕರಗುವ ಜಾತಿಯದು. ಸೋಡಿಯಂ ಹೆಚ್ಚಾದ ಮಣ್ಣಿಗೆ ಹೀಗಾಗುತ್ತದೆ; ಕಬ್ಬಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ ಸವುಳಾದ ಹೊಲಗಳಲ್ಲಿ ಇದು ಹೊಸದಲ್ಲ. ಆಗ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಒಯ್ದು ಸೋಡಿಯಂ ಪ್ರಮಾಣ ತೆಗೆಸಿ, ಅವರು ಹೇಳಿದಷ್ಟು ಜಿಪ್ಸಂ ಸೇರಿಸದೆ ಅದರ ಮೇಲೆ ಯಾವ ಕಲ್ಲೂ ಹಾಕಬೇಡಿ. ಕಲ್ಲಿನ ಸಂದಿಯಲ್ಲಿ ಅಂಥ ಮಣ್ಣು ಸೋರುತ್ತಲೇ ಇರುತ್ತದೆ.

ಇನ್ನು ಕೆಲಸ. ಅಂಚಿನಿಂದ ಎಂಟು ಹತ್ತು ಮೀಟರ್ ಪಟ್ಟಿಗೆ ನೀರು ಹಾಯಿಸುವುದನ್ನೂ ನೇಗಿಲು ಹೂಡುವುದನ್ನೂ ಈ ವರ್ಷವೇ ನಿಲ್ಲಿಸಿ. ಹಿನ್ನೀರಿನಿಂದ ಪಂಪು ಹಾಕಿ ನೀರೆತ್ತಿ ಅದನ್ನೇ ದಂಡೆಯ ನೆತ್ತಿಗೆ ಸುರಿಯುವವರು ನಮ್ಮಲ್ಲಿ ಬಹಳ ಜನ. ಬಿರುಕುಗಳನ್ನು ಮಳೆಗೆ ಮುಂಚೆ ಹದವಾದ ಮಣ್ಣು ತುಂಬಿ ದಮ್ಮಸು ಮಾಡಿ. ಹೊಲದ ಮಳೆನೀರು ಕಂಡಕಂಡಲ್ಲಿ ದಂಡೆ ಇಳಿಯದಂತೆ ಸಣ್ಣ ಒಡ್ಡು ಹಾಕಿ, ಕಲ್ಲು ಹಾಸಿದ ಒಂದೇ ಕೋಡಿಯಲ್ಲಿ ಇಳಿಸಿ. ನೆಟ್ಟಗೆ ನಿಂತ ದಂಡೆಯನ್ನು ಕಡಿದು ಓರೆ ಮಾಡಬೇಕು. ಎರೆಗೆ ಎರಡೂವರೆಗೆ ಒಂದು ಕನಿಷ್ಠ, ಮೂರಕ್ಕೆ ಒಂದಾದರೆ ಒಳ್ಳೆಯದು. ಇದಕ್ಕೆ ಒಂದಿಷ್ಟು ಹೊಲ ಬಿಟ್ಟುಕೊಡಬೇಕಾಗುತ್ತದೆ. ಮನಸ್ಸಿಗೆ ಕಷ್ಟ, ಗೊತ್ತು. ನೀವು ಕೊಡದಿದ್ದರೆ ನೀರು ಅಷ್ಟನ್ನು ತೆಗೆದುಕೊಂಡೇ ಹೋಗುತ್ತದೆ.

ಆ ಇಳಿಜಾರಿನಲ್ಲಿ ಲಾವಂಚದ ಸಾಲು. ಇದು ನನ್ನ ಮೊದಲ ಆಯ್ಕೆ. ಮುಂಗಾರಿನ ಆರಂಭಕ್ಕೆ ಗೇಣು ಅಂತರದಲ್ಲಿ ಸಸಿ ನೆಟ್ಟು, ದಂಡೆಗೆ ಸಮನಾಗಿ, ಒಂದೊಂದು ಮೀಟರ್ ಎತ್ತರಕ್ಕೆ ಒಂದು ಸಾಲು. ಬೇರು ಅಡ್ಡ ಹರಡದೆ ನೇರ ಕೆಳಗೆ ಎರಡು ಮೂರು ಮೀಟರ್ ಇಳಿಯುತ್ತದೆ, ಮಣ್ಣನ್ನು ಹೊಲಿಯುತ್ತದೆ, ಒಳಗಿನ ನೀರನ್ನೂ ಹೀರುತ್ತದೆ. ದನ ಅದರ ಹಳೆಯ ಗರಿ ಮುಟ್ಟುವುದು ಕಡಿಮೆ. ಸಾಲುಗಳ ನಡುವೆ ಕರಿಕೆ ಬಿಡಿ. ಮೇಲಿನ ಪಟ್ಟಿಯಲ್ಲಿ ಹೊಂಗೆ, ಕರಿಜಾಲಿ ಇರಲಿ, ಆದರೆ ಅಂಚಿಗೆ ತೀರ ಹತ್ತಿರ ಬೇಡ. ಗಾಳಿಗೆ ಮರ ಉರುಳಿದರೆ ದಂಡೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಹುಲ್ಲು ಹಿಡಿಯಲು ಎರಡು ವರ್ಷವಾದರೂ ಬೇಕು.

ಘಟಪ್ರಭೆಯ ಕಡೆಯ ದಂಡೆಯಾಗಿದ್ದು ಅಲೆಯ ಗುರುತು ಸ್ಪಷ್ಟವಿದ್ದರೆ ಮಾತ್ರ ಕಲ್ಲು. ಇಡೀ ಹತ್ತು ಮೀಟರಿಗೆ ಹಾಕಲು ಯಾರಿಂದಲೂ ಆಗದು, ಬೇಕಾಗಿಯೂ ಇಲ್ಲ. ನೀರು ಬಹುಕಾಲ ನಿಲ್ಲುವ ತುಂಬು ಮಟ್ಟದಿಂದ ಒಂದು ಮೀಟರ್ ಮೇಲೆ, ಎರಡು ಮೀಟರ್ ಕೆಳಗೆ ಸಾಕು. ಎರಡೂವರೆಗೆ ಒಂದರ ಇಳಿಜಾರಿನಲ್ಲಿ ಅದು ಸುಮಾರು 8 ಮೀಟರ್ ಮೈ. ಒಂದಡಿ ದಪ್ಪಕ್ಕೆ ಪಿಚಿಂಗ್ ಮಾಡಿದರೆ, ಅಂದರೆ ಕಲ್ಲು ಜೋಡಿಸಿ ಹಾಸಿದರೆ, ನೂರು ಮೀಟರ್ ಉದ್ದದ ದಂಡೆಗೆ 85 ಬ್ರಾಸ್ ಕಲ್ಲು (ಒಂದು ಬ್ರಾಸ್ ಎಂದರೆ ನೂರು ಘನ ಅಡಿ). ಕಲ್ಲಿನಡಿ ಆರಿಂಚು ಗರಸು–ಜಲ್ಲಿಯ ಸೋಸು ಪದರ ಅಥವಾ ಜಿಯೊಟೆಕ್ಸ್‌ಟೈಲ್ ಬಟ್ಟೆ ಇರಲೇಬೇಕು. ಮಣ್ಣು ಸೋರದೆ ನೀರು ಮಾತ್ರ ಹೊರಬರಲು ಇದೊಂದೇ ದಾರಿ. ಗುತ್ತಿಗೆದಾರರು ಮೊದಲು ಉಳಿಸುವುದು ಇದನ್ನೇ, ಮೇಲೆ ಕಾಣುವುದಿಲ್ಲವಲ್ಲ. ಬುಡದಲ್ಲಿ ಎರಡಡಿ ಚರಂಡಿ ತೋಡಿ ದೊಡ್ಡ ಕಲ್ಲಿನ ಕಚ್ಚು ಕೊಡಿ, ಎರಡೂ ತುದಿಗಳನ್ನು ದಂಡೆಯೊಳಕ್ಕೆ ತಿರುಗಿಸಿ ಹೂಳಿ. ಕಲ್ಲು ವಿಜಯಪುರದ ಕರಿಕಲ್ಲಾಗಲಿ ಇಳಕಲ್ಲಿನ ಗ್ರಾನೈಟ್ ಕ್ವಾರಿಯ ವೇಸ್ಟೇಜಾಗಲಿ, ಮೂಲೆಗಳಿರುವ ಚೌಕ ತುಂಡುಗಳಾಗಿರಬೇಕು. ಅಗ್ಗಕ್ಕೆ ಸಿಗುತ್ತದೆಂದು ಫರಸಿ ಚಪ್ಪಡಿ ಹಾಸಬೇಡಿ, ಅಲೆ ವಾಪಸಾಗುವಾಗ ಅಡಿಯ ನೀರು ಅದನ್ನು ಎತ್ತಿ ಹಾಕುತ್ತದೆ. ಸಿಮೆಂಟ್ ಹಾಕಿ ಸಂದಿ ಮುಚ್ಚಿಸಲೂ ಹೋಗಬೇಡಿ. ಒಳಗಿನ ನೀರಿಗೆ ದಾರಿ ಇಲ್ಲದಾದರೆ ನೀರಿಳಿದಾಗ ಇಡೀ ಹಾಸು ಉಬ್ಬಿ ಒಡೆಯುತ್ತದೆ.

ಕೂಡಲಸಂಗಮದಲ್ಲಿ ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನಾರಾಯಣಪುರದ ಹಿನ್ನೀರನ್ನು ಹೊರಗಿಟ್ಟದ್ದು ನೀವು ನೋಡಿಯೇ ಇರುತ್ತೀರಿ. ನಮಗೂ ಹಾಗೆ ಗೋಡೆ ಕೊಡಿ ಎಂದು ಕೇಳುವವರಿದ್ದಾರೆ. ಬೆಲೆ ಕಟ್ಟಲಾಗದ ಒಂದು ಜಾಗಕ್ಕೆ ಅದು ಸರಿ, ಎಕರೆಗಟ್ಟಲೆ ಹೊಲಕ್ಕೆ ಅದರ ಲೆಕ್ಕ ಕೂಡಿಬರುವುದಿಲ್ಲ.

ಕಲ್ಲು ಇಳಿಸುವ ಮೊದಲು ಎರಡು ಕಾಗದ ನೋಡಿ. ತುಂಬು ಮಟ್ಟದ ಒಳಗಿನ ಜಾಗ ಕೃಷ್ಣಾ ಮೇಲ್ದಂಡೆ ಯೋಜನೆಗೆ ಸ್ವಾಧೀನವಾದದ್ದು. ಅಲ್ಲಿ ಹುಲ್ಲು ನೆಟ್ಟರೆ ಯಾರೂ ಕೇಳಲಿಕ್ಕಿಲ್ಲ, ಪಿಚಿಂಗ್ ಮಾಡಬೇಕಾದರೆ ಕೃಷ್ಣಾ ಭಾಗ್ಯ ಜಲ ನಿಗಮದಿಂದ ಲಿಖಿತ ಒಪ್ಪಿಗೆ ಬೇಕು. ಇನ್ನೊಂದು, 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್ ತನಕ ನೀರು ನಿಲ್ಲಿಸಲು ಒಪ್ಪಿದೆ, ಅಂದರೆ ಈಗಿನದಕ್ಕಿಂತ ನಾಲ್ಕೂವರೆ ಮೀಟರಿಗೂ ಮೇಲೆ. ನಿಮ್ಮ ಸರ್ವೆ ನಂಬರು ಆ ಗೆರೆಯ ಒಳಗೆ ಬರುತ್ತದೆಯೇ ಎಂದು ಭೂಸ್ವಾಧೀನ ಕಚೇರಿಯಲ್ಲಿ ಕೇಳಿ. ಒಳಗಿದ್ದರೆ 85 ಬ್ರಾಸ್ ಕಲ್ಲಿಗೆ ಸಾಲ ಮಾಡಬೇಡಿ. ಲಾವಂಚ ನೆಟ್ಟು, ಅಂಚಿನ ಪಟ್ಟಿಗೆ ನೀರು ಹಾಯಿಸುವುದನ್ನು ಬಿಟ್ಟು, ಪರಿಹಾರದ ಕಾಗದಗಳನ್ನು ಸರಿಮಾಡಿಸಿಕೊಳ್ಳಿ. ಹೊರಗಿದ್ದರೆ ಲೋಟದ ಪರೀಕ್ಷೆ ಮಾಡಿ, ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದಾಗ ದಂಡೆಯ ಫೋಟೊ ತೆಗೆದು ಕಳುಹಿಸಿ. ಇಳಿಜಾರು ಎಷ್ಟು ಕಡಿಯಬೇಕು ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.